ಬಲಕ್ಕೆ ಒಂದೂಕಾಲು ಸುತ್ತು

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಸ್ವಲ್ಪ ಮೊದಲು ಎಡಗಡೆ ಸಿಗುವ ತಗಡಿನ ಶೆಡ್ಡು ಭೀಮಶಿ ಅವರದು. ಅದಕ್ಕೆ ಫಲಕವಿಲ್ಲ. ಬಾಗಿಲ ಪಕ್ಕ ಜೀಪಿನ ಹಳೆಯ ಸ್ಟೇರಿಂಗ್ ಚಕ್ರವೊಂದನ್ನು ತಂತಿಯಿಂದ ಬಿಗಿದಿದ್ದಾರೆ. ಬರಬೇಕಾದವರಿಗೆ ಅಷ್ಟು ಸಾಕು. ಒಳಗೆ ಒಂದು ಜೀಪು ನಿಲ್ಲುವಷ್ಟು ಜಾಗ, ಗೋಡೆಗೆ ಸಾಲಾಗಿ ತೂಗುಹಾಕಿದ, ನಟ್ಟು ಬಿಚ್ಚುವ ಪಾನಾಗಳು, ಮತ್ತು ಬೆಳಕು ಚೆನ್ನಾಗಿ ಬೀಳುವ ಕಡೆ ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿ ಗಾಡಿಯ ಮಾಲೀಕರಿಗೆ.

ಕೆಲಸ ಮುಗಿಯುವವರೆಗೆ ಮಾಲೀಕರು ಅಲ್ಲಿ ಕೂತಿರಬೇಕು ಎಂಬುದು ಭೀಮಶಿ ಅವರ ನಿಯಮ. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲಿಯೇ ಅವರ ಮುಂದೆ ಹಾಸಿದ ಗೋಣಿತಟ್ಟಿನ ಮೇಲೆ ಇಡುತ್ತಾರೆ. ಕೆಟ್ಟದ್ದನ್ನು ಚೀಲಕ್ಕೆ ತುಂಬಿ ಅವರ ಕೈಗೇ ಕೊಡುತ್ತಾರೆ. ಸವೆದ ಬೋಲ್ಟೊಂದನ್ನೂ ತಮ್ಮಲ್ಲಿ ಉಳಿಸಿಕೊಳ್ಳುವುದಿಲ್ಲ.

ಭೀಮಶಿ ಅವರಿಗೆ ಈಗ ಐವತ್ತೇಳು. ಹುಟ್ಟಿದ್ದು ಸವದತ್ತಿಯಲ್ಲಿ. ತಾಯಿ ಸೀತವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಮಗನನ್ನು ಹತ್ತನೆಯ ತರಗತಿವರೆಗೆ ಓದಿಸಿದರು. ಹತ್ತೊಂಬತ್ತರ ವಯಸ್ಸಿನಲ್ಲಿ ಭೀಮಶಿ ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ, ರಿಪೇರಿಗೆ ಬಂದಿದ್ದ ಜೀಪಿನ ಡೈನಮೊ ನಾಲ್ಕೇ ದಿನಕ್ಕೆ ನಿಂತುಹೋಯಿತು. ಒಳ್ಳೆಯದನ್ನು ತೆಗೆದು ಬೇರೆಯದನ್ನು ಹಾಕಿದ್ದಾನೆ ಎಂದು ಜೀಪಿನ ಮಾಲೀಕ ಹೇಳಿದ. ಬಿಚ್ಚಿ ನೋಡೋಣ ಎಂದು ಯಾರೂ ಹೇಳಲಿಲ್ಲ. ಎರಡು ತಿಂಗಳ ನಂತರ ಮತ್ತೊಬ್ಬ ಮಿಸ್ತ್ರಿ ಬಿಚ್ಚಿದಾಗ ಅದೇ ಡೈನಮೊ ಇತ್ತು, ಒಳಗಿನ ಬ್ರಶ್ ಸವೆದಿತ್ತು, ಅಷ್ಟೆ. ಅಷ್ಟರಲ್ಲಿ ‘ಸಾಮಾನು ಬದಲಿಸುವವ’ ಎಂಬ ಮಾತು ಊರ ತುಂಬ ಹಬ್ಬಿ, ಭೀಮಶಿ ಸವದತ್ತಿ ಬಿಟ್ಟಾಗಿತ್ತು. ಕುರ್ಚಿ, ಗೋಣಿತಟ್ಟು, ಚೀಲ ಎಲ್ಲ ಆಮೇಲೆ ಬಂದವು.

ಈ ಭಾಗದ ಎರೆ ಹೊಲಗಳಲ್ಲಿ ಒಂದು ಮಳೆ ಬಿದ್ದರೆ ಹೊಸ ಕಾರುಗಳು ಹೊಲದ ದಾರಿಗೆ ಇಳಿಯುವುದಿಲ್ಲ. ಮೂವತ್ತು ನಲವತ್ತು ವರ್ಷದ ಡೀಸೆಲ್ ಜೀಪುಗಳು ಇಳಿಯುತ್ತವೆ, ಹತ್ತಿಯೂ ಬರುತ್ತವೆ. ಆದರೆ ಅವುಗಳ ಸ್ಟೇರಿಂಗ್ ಕಲ್ಲಿನಷ್ಟು ಜಡ. ಜೀಪಿಗೆ ವಯಸ್ಸಾದಂತೆ ಓಡಿಸುವವರಿಗೂ ವಯಸ್ಸಾಗಿದೆ. ಎರಡು ವರ್ಷದ ಹಿಂದೆ ಭೀಮಶಿ ಸಂಗೊಳ್ಳಿಯ ನಿಂಗರಾಜ ಎಂಬುವರ ಜೀಪಿಗೆ ಪವರ್ ಸ್ಟೇರಿಂಗ್ ಕೂರಿಸಿದರು. ಅದು ಎಂಟು ತಿಂಗಳು ತಕರಾರಿಲ್ಲದೆ ಓಡಿದ್ದನ್ನು ಕಂಡ ಮೇಲೆ ರಾಮದುರ್ಗದ ಕಡೆಯ ಮೂವರು ಜೀಪು ಮಾಲೀಕರು ವಿಚಾರಿಸಿದರು. ಮೂವರದೂ ಒಂದೇ ಮಾತು: ಮೊದಲು ಕಟಕೋಳದ ವೀರಪ್ಪನವರ ಜೀಪು ಆಗಲಿ, ಆಮೇಲೆ ನಮ್ಮದು.

ಕಾರಣ ಸರಳವಾಗಿತ್ತು. ವೀರಪ್ಪ ಯಾರನ್ನೂ ನಂಬುವುದಿಲ್ಲ. ಅವರೇ ಒಪ್ಪಿಕೊಂಡ ಮೇಲೆ ಇನ್ನೊಬ್ಬರು ಪರೀಕ್ಷೆ ಮಾಡುವ ಅಗತ್ಯವಿರುವುದಿಲ್ಲ. ಅವರು ಒಪ್ಪದಿದ್ದರೆ, ಒಪ್ಪದಿರುವುದಕ್ಕೆ ಅವರು ಕೊಡುವ ಕಾರಣ ನಾಲ್ಕು ತಾಲ್ಲೂಕು ತಿರುಗುತ್ತದೆ. ಭೀಮಶಿ ಅವರಿಗೆ ಇದು ಗೊತ್ತಿತ್ತು. ಮೂವತ್ತೆಂಟು ವರ್ಷ ಹತ್ತಿರ ಸುಳಿಯದಂತೆ ನೋಡಿಕೊಂಡ ಮಾತು ಈ ಒಂದು ಜೀಪಿನಿಂದ ಮತ್ತೆ ಬರಬಹುದಿತ್ತು.

ವೀರಪ್ಪ ಅವರಿಗೆ ಅರವತ್ತನಾಲ್ಕು. ಕಟಕೋಳದಲ್ಲಿ ಇಪ್ಪತ್ತೆರಡು ಎಕರೆ ಜಮೀನು. ಬೀಜದ ಪೊಟ್ಟಣವನ್ನು ಅಂಗಡಿಯಲ್ಲೇ ಒಡೆಸಿ ಅಂಗೈ ಮೇಲೆ ಹರವಿ ನೋಡುತ್ತಾರೆ. ವರ್ಷಗಳ ಹಿಂದೆ ಹತ್ತಿ ಮಾರಲು ಹೋದಾಗ, ದಲಾಲನ ಆಳು ಅವರ ನಾಲ್ಕು ಅಂಡಿಗೆಗಳ, ಅಂದರೆ ಹತ್ತಿ ಮೂಟೆಗಳ, ಮೇಲೆ ಕೆಂಪು ಗೆರೆ ಎಳೆದ. ತೂಕ ಮುಗಿಯುವ ಹೊತ್ತಿಗೆ ಆ ನಾಲ್ಕರಲ್ಲಿ ಇದ್ದದ್ದು ಅವರ ಹತ್ತಿಯಾಗಿರಲಿಲ್ಲ. ಅಂದಿನಿಂದ ತಮ್ಮ ವಸ್ತುವಿನ ಮೇಲೆ ಇನ್ನೊಬ್ಬರ ಗುರುತು ಕಂಡರೆ, ಅದನ್ನು ಎತ್ತಿಹಾಕಲು ಯಾರೋ ಹೊಂಚಿದ್ದಾರೆ ಎಂದೇ ಅವರ ತೀರ್ಮಾನ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಹಚ್ಚಿ ಉಳಿದ ಕೆಂಪು ವಾರ್ನೀಸಿನಿಂದ ಅವರು ಮನೆಯ ಸಕಲ ಸಾಮಾನಿಗೂ ಚುಕ್ಕಿ ಇಡುತ್ತಾರೆ. ಪಂಪ್‌ಸೆಟ್ಟು, ನೇಗಿಲು, ಮದುವೆಗೆ ಎರವಲು ಕೊಟ್ಟ ಹಂಡೆ, ಎಲ್ಲದರ ಮೇಲೂ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಇರುತ್ತದೆ.

ಅವರ ಜೀಪು 1989ರದು. ಕೊಂಡ ದಿನದಿಂದ ಇನ್ನೊಬ್ಬರು ಅದನ್ನು ಓಡಿಸಿಲ್ಲ, ಮಗ ಕಲ್ಮೇಶ ಕೂಡ. ಕಳೆದ ವರ್ಷ ಸಂಕ್ರಾಂತಿ ಆದ ವಾರದಲ್ಲಿ ಹೊಲದ ಒಡ್ಡಿನಿಂದ ಜಾರಿ ಬಿದ್ದು ಬಲ ಭುಜ ಪೆಟ್ಟು ತಿಂದಿತು. ಆ ಚಕ್ರವನ್ನು ಇನ್ನು ಎಳೆಯಬೇಡಿ ಎಂದರು ಬೆಳಗಾವಿಯ ವೈದ್ಯರು. ಡ್ರೈವರ್ ಇಡೋಣ ಎಂದ ಕಲ್ಮೇಶ.

“ಡ್ರೈವರ್ ಇಟ್ರ ಡ್ರೈವರನ್ನ ಕಾಯಾಕ ಇನ್ನೊಬ್ಬನ್ನ ಇಡಬೇಕು,” ಎಂದರು ವೀರಪ್ಪ.

ಅವರು ಮೊದಲು ಹೋದದ್ದು ಸಂಗೊಳ್ಳಿಗೆ, ಹೇಳದೆ ಕೇಳದೆ. ನಿಂಗರಾಜನ ಮನೆಗೆ ಹೋಗುವ ಮುನ್ನ ನೆರೆಯವರನ್ನು ವಿಚಾರಿಸಿದರು. ಜೀಪನ್ನು ಕೆಸರಿಗೆ ಇಳಿಸಲು ಹೇಳಿದರು, ಎಂಜಿನ್ ಬಂದ್ ಮಾಡಿಸಿ ಚಕ್ರ ತಿರುಗಿಸಿ ನೋಡಿದರು. ಮರುದಿನ ಭೀಮಶಿ ಅವರ ಶೆಡ್ಡಿನ ಮುಂದೆ ನಿಂತಿದ್ದರು.

“ಎಂಜಿನ್ ಬಂದ್ ಬಿತ್ತಂದ್ರ ಮೊದಲಿನಕಿಂತ ಜಡ ಆಗತೈತಿ. ಅದನ್ಯಾಕ ಹೇಳಂಗಿಲ್ಲ ನೀ?”

“ನೀವು ಈಗ ಬಂದೀರಿ ಸಾವಕಾರ್ರ. ಕೇಳಿದ್ರ ಹೇಳತಿದ್ದೆ. ಜಡ ಆಗತೈತಿ, ಖರೇನ.”

“ಪೈಪ್ ಒಡದ್ರ?”

“ಆವಾಗೂ ಜಡ. ಆದ್ರ ಗಾಲಿ ಹೊಳ್ಳತಾವು. ಒಳಗ ಹಲ್ಲಿಗೆ ಹಲ್ಲ ಕೂಡಿರತೈತ್ರಿ. ಎಣ್ಣಿ ಬರೇ ಕೈಗೆ ಜೋಡ ಕೊಡತೈತಿ.”

“ಇದೆಲ್ಲಾ ಎಲ್ಲಿ ಕಲ್ತಿ?”

“ಬಿಚ್ಚಿ ಕಲ್ತೇನ್ರಿ.”

“ಯಾರ ಗಾಡಿ ಬಿಚ್ಚಿ?”

“ನಂದ,” ಎಂದು ಭೀಮಶಿ ಹಿತ್ತಿಲಿನ ಕಡೆ ಕೈ ತೋರಿಸಿದರು. ಅಲ್ಲಿ ಗಾಲಿಯಿಲ್ಲದ ಜೀಪೊಂದು ಬೇವಿನ ನೆರಳಲ್ಲಿ ಕೂತಿತ್ತು. ವೀರಪ್ಪ ಹೋಗಿ ಅದನ್ನೂ ನೋಡಿ ಬಂದರು.

ಪವರ್ ಸ್ಟೇರಿಂಗಿನ ಬಾಕ್ಸ್ ಮತ್ತು ಪಂಪು ತರಲು ಇಬ್ಬರೂ ಕಿತ್ತೂರಿಗೆ ಹೋದರು. ಹೆದ್ದಾರಿಯಲ್ಲಿ ಪೆಟ್ಟು ತಿಂದ ಗಾಡಿಗಳು ಕೊನೆಗೆ ಬಂದು ಸೇರುವ ಗುಜರಿ ಅಂಗಡಿಗಳು ಅಲ್ಲಿವೆ. ಭೀಮಶಿ ಬಾಕ್ಸ್ ಆರಿಸಿ, ಕೈಯಿಂದ ತಿರುಗಿಸಿ, ಕಿವಿಗೆ ಹತ್ತಿರ ಹಿಡಿದು ಕೇಳಿದರು. ಅದು ಯಾವ ಗಾಡಿಯದು, ಆ ಗಾಡಿಯಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂದು ವೀರಪ್ಪ ಅಂಗಡಿಯವನನ್ನು ಕೇಳಿದರು.

“ಇಲ್ಲಿಗೆ ಬಂದಿದ್ದೆಲ್ಲಾ ಸತ್ತ ಗಾಡೀನ ಅಲ್ರಿ ಸಾವಕಾರ್ರ,” ಎಂದ ಅವನು.

ಬಾಕ್ಸನ್ನು ಶೆಡ್ಡಿನಲ್ಲಿ ಬಿಡಲು ವೀರಪ್ಪ ಒಪ್ಪಲಿಲ್ಲ. ಕಟಕೋಳಕ್ಕೆ ಒಯ್ದು ಮಂಚದ ಕೆಳಗೆ ಇಟ್ಟುಕೊಂಡರು. “ಇದನ್ನೂ ತೊಟ್ಟಲದಾಗ ಹಾಕಿ ತೂಗಲೇನ್ರಿ?” ಎಂದು ಪತ್ನಿ ಸಿದ್ದಲಿಂಗವ್ವ ಕೇಳಿದರಂತೆ. ಎರಡು ದಿನದ ನಂತರ ಬಾಕ್ಸ್ ಬೈಲಹೊಂಗಲಕ್ಕೆ ಮರಳಿದಾಗ ಅದರ ಮೈಮೇಲೆ ಹತ್ತು ಕಡೆ ಸಾಸಿವೆಯಷ್ಟು ದಪ್ಪದ ಕೆಂಪು ಚುಕ್ಕಿಗಳಿದ್ದವು. ಭೀಮಶಿ ಅವರ ಕಣ್ಣಿಗೆ ಅವು ಬೀಳಲಿಲ್ಲ. ಬೀಳಬಾರದೆಂದೇ ಇಟ್ಟವು ಅವು.

ಕೆಲಸ ಮೂರು ದಿನ ನಡೆಯಿತು. ವೀರಪ್ಪ ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ. ಬುತ್ತಿಯನ್ನೂ ನೀರನ್ನೂ ಮನೆಯಿಂದಲೇ ತಂದಿದ್ದರು. ನೀರು ಬದಲಾದರೆ ಹೊಟ್ಟೆ ಕೆಡುತ್ತದೆ ಎಂಬುದು ಅವರು ಕೊಟ್ಟ ಕಾರಣ. ಭೀಮಶಿ ಕಾರಣ ಕೇಳಿರಲಿಲ್ಲ.

ಮೊದಲ ದಿನ ಹಳೆಯ ಬಾಕ್ಸ್ ಇಳಿಯಿತು. ಎರಡನೆಯ ದಿನ ಹೊಸದಕ್ಕೆ ಆಸರೆಯ ಪಟ್ಟಿಗಳು, ಎಂಜಿನ್ನಿನ ಪಕ್ಕ ಪಂಪು, ಅದನ್ನು ತಿರುಗಿಸುವ ಬೆಲ್ಟು ಬಂದವು. ಮೂರನೆಯ ದಿನದ ಬೆಳಗ್ಗೆ ಭೀಮಶಿ ಬಾಕ್ಸನ್ನು ಮೇಜಿನ ಮೇಲಿಟ್ಟುಕೊಂಡು ಅದರ ನಡುಬಿಂದು ಹುಡುಕಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರೂವರೆ ಸುತ್ತು. ಅದರ ಅರ್ಧ, ಒಂದೂ ಮುಕ್ಕಾಲು. ಅಲ್ಲಿ ನಿಲ್ಲಿಸಿದರೆ ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ.

ಬಾಕ್ಸಿನಿಂದ ಕೆಳಗೆ ಇಣುಕುವ ದಂಡಕ್ಕೆ ಒಂದು ಕಬ್ಬಿಣದ ತೋಳು ಕೂರುತ್ತದೆ. ಅದು ಆಚೆ ಈಚೆ ಆಡಿದಂತೆ ಮುಂದಿನ ಗಾಲಿಗಳು ಹೊರಳುತ್ತವೆ. ದಂಡದ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಕೆಲವು ಬಾಕ್ಸ್‌ಗಳಲ್ಲಿ ಒಂದು ಹಲ್ಲು ಅಗಲವಾಗಿದ್ದು, ತೋಳು ತಪ್ಪು ಜಾಗದಲ್ಲಿ ಕೂರುವುದೇ ಇಲ್ಲ. ಕಿತ್ತೂರಿನಿಂದ ತಂದದ್ದರಲ್ಲಿ ಎಲ್ಲ ಹಲ್ಲೂ ಸಮನಾಗಿದ್ದವು. ಹಾಗಾಗಿ ಗುರುತು ಬೇಕು. ಭೀಮಶಿ ಇದಕ್ಕೆ ಮಗಳು ಸ್ನೇಹಲ್‌ಳ ಉಗುರು ಬಣ್ಣ ಬಳಸುತ್ತಾರೆ, ಕೆಂಪು. ದಂಡದ ತುದಿಯಲ್ಲಿ ಒಂದು ಗುರುತು, ತೋಳಿನ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಬಣ್ಣ ಹಚ್ಚಿ, ಒಣಗಲೆಂದು ಬಿಟ್ಟು, ಶೆಡ್ಡಿನ ಹಿಂದಿನ ಮನೆಗೆ ಊಟಕ್ಕೆ ಹೋದರು.

“ಸಾವಕಾರ್ರಿಗೆ ಮಜ್ಜಿಗಿ ಕೊಟ್ಟು ಬರಲೇನ್ರಿ?” ಎಂದು ಪತ್ನಿ ಯಶೋಧಾ ಕೇಳಿದರು.

“ಬ್ಯಾಡ. ತಂದಾರ.”

ಇಪ್ಪತ್ತು ನಿಮಿಷಕ್ಕೆ ಭೀಮಶಿ ಮರಳಿದರು. ವೀರಪ್ಪ ಕುರ್ಚಿಯಲ್ಲಿದ್ದರು. ಸಾಮಾನು ಇಟ್ಟಲ್ಲೇ ಇತ್ತು. ಕೆಂಪಿಗೆ ಕೆಂಪು ಕೂಡಿಸಿ ತೋಳು ಕೂರಿಸಿ, ನಟ್ಟು ಬಿಗಿದು, ಬಾಕ್ಸನ್ನು ಜೀಪಿಗೇರಿಸಿದರು. ಸ್ಟೇರಿಂಗ್ ಚಕ್ರ ಅರ್ಧ ಸುತ್ತಿನಷ್ಟು ವಾರೆಯಾಗಿ ನಿಂತಿತ್ತು. ಚಕ್ರಕ್ಕೂ ಬಾಕ್ಸಿಗೂ ನಡುವಿನ ದಂಡವನ್ನು ಹೊಸದಾಗಿ ಮಾಡಿಸಿದ್ದರಿಂದ ಅದು ಸಹಜ ಎಂದುಕೊಂಡು ಚಕ್ರವನ್ನು ತೆಗೆದು ನೇರಕ್ಕೆ ಹಾಕಿದರು.

ಸಂಜೆ ನಾಲ್ಕಕ್ಕೆ ಜೀಪಿನ ಮೂತಿಗೆ ಜಾಕು ಕೊಟ್ಟು, ಎಂಜಿನ್ ಶುರು ಮಾಡಿ, ಭೀಮಶಿ ಚಕ್ರ ತಿರುಗಿಸುತ್ತ ಸುತ್ತು ಎಣಿಸಿದರು. ಎಡಕ್ಕೆ ಒಂದೂ ಮುಕ್ಕಾಲು; ಅಲ್ಲಿ ಗಾಲಿ ಅಚ್ಚಿನ ತಡೆಗೆ ತಾಗಿ ನಿಂತಿತು. ನಡುವಿಗೆ ತಂದರು. ಆಗ ಕುರ್ಚಿಯಿಂದ ಕೂಗು ಬಂತು.

“ಎಣ್ಣಿ! ಏ ಮಿಸ್ತ್ರಿ, ಎಣ್ಣಿ ಸೋರಾಕತ್ತೈತಿ!”

ಪೈಪಿನ ಕೂಡಿಕೆಯಲ್ಲಿ ಒಂದು ಹನಿ ನಿಂತಿತ್ತು. ಭೀಮಶಿ ಇಳಿದು ಬಿಗಿದರು, ಒರೆಸಿದರು, ಹತ್ತು ನಿಮಿಷ ಕಾದು ಮತ್ತೆ ನೋಡಿದರು. ಹನಿ ಬರಲಿಲ್ಲ. ಜಾಕು ಇಳಿಸಿದರು. ಬಲಕ್ಕೆ ಎಣಿಸಲಿಲ್ಲ.

ವೀರಪ್ಪ ತಾವೇ ಓಡಿಸಿದರು, ಸವದತ್ತಿ ರಸ್ತೆಯಲ್ಲಿ ಆರು ಕಿಲೋಮೀಟರ್. ಪೆಟ್ರೋಲ್ ಬಂಕಿನ ದೊಡ್ಡ ಅಂಗಳದಲ್ಲಿ ಹೊರಳಿಸಿಕೊಂಡು ಬಂದರು. ಅಲ್ಲಿ ಚಕ್ರವನ್ನು ಪೂರ್ತಿ ತಿರುಗಿಸುವ ಅಗತ್ಯ ಬೀಳಲಿಲ್ಲ.

“ಹೂವಿನಂಗ ಐತಿ,” ಎಂದರು. ಸ್ವಲ್ಪ ಹೊತ್ತಿಗೆ, “ಇಷ್ಟ ಹಗುರ ಯಾಕೈತಿ?” ಎಂದರು.

ಮರುದಿನ ಬೆಳಗ್ಗೆ ಕಟಕೋಳದಲ್ಲಿ, ಹೊಲದ ದಾರಿಗೆ ಹೊರಳುವ ಜಾಗದಲ್ಲಿ ಜೀಪು ನಿಂತಿತು. ಅದು ಬಲ ತಿರುವು, ಒಂದು ಪಕ್ಕಕ್ಕೆ ಕಲ್ಲಿನ ಗೋಡೆ. ಮೂವತ್ತೈದು ವರ್ಷ ಒಂದೇ ಏಟಿಗೆ ಹೊರಳುತ್ತಿದ್ದ ಜೀಪಿನ ಚಕ್ರ ನಡುವಲ್ಲೇ ಬಿಗಿಯಿತು, ಬಂಪರು ಗೋಡೆಗೆ ತಾಗಿತು. ಹಿಂದೆ ತೆಗೆದು, ಮುಂದೆ ಬಿಟ್ಟು, ಎರಡು ಸಲ ಹೆಣಗಿದ ಮೇಲೆ ಒಳಗೆ ಹೋಯಿತು. ಎಡಕ್ಕೆ ಮಾತ್ರ ಮೊದಲಿನಂತೆಯೇ ಹೊರಳುತ್ತಿತ್ತು.

ವೀರಪ್ಪ ಯೋಚಿಸಿದರು. ಮೂರು ದಿನದಲ್ಲಿ ತಾವು ಕುರ್ಚಿ ಬಿಟ್ಟು ಎದ್ದ ಹೊತ್ತುಗಳನ್ನು ಲೆಕ್ಕ ಹಾಕಿದರು. ಕಾಲುಮಡಿಯಲು ಹೋದದ್ದು ಏಳು ಸಲ. ಒಂದು ಸಲ ಬಾಗಿಲಲ್ಲಿ ಹಾಲಿನ ಗಾಡಿ ಅಡ್ಡ ನಿಂತು ತಡವಾಗಿತ್ತು. ಬಾಕ್ಸ್ ಬದಲಿಸಲು ಅಷ್ಟು ಸಮಯ ಸಾಕು.

ಕಟಕೋಳದ ಬಸ್ ನಿಲ್ದಾಣದ ಹತ್ತಿರ ಮಡಿವಾಳೆಪ್ಪ ಎಂಬುವರ ಚಹಾದಂಗಡಿ ಇದೆ. ಪವರ್ ಸ್ಟೇರಿಂಗ್ ವಿಚಾರಿಸಿದ್ದ ಮೂವರಲ್ಲಿ ಅವರೂ ಒಬ್ಬರು. ವೀರಪ್ಪ ಅಲ್ಲಿ ಕೂತು ಹೇಳಿದ್ದು ಒಂದೇ ವಾಕ್ಯ: “ನಾ ನೋಡಿ ತಂದಿದ್ದ ಬಾಕ್ಸ್ ಬ್ಯಾರೆ, ಈಗ ಜೀಪಿನ್ಯಾಗಿದ್ದ ಬಾಕ್ಸ್ ಬ್ಯಾರೆ.”

ಎರಡನೆಯ ದಿನಕ್ಕೆ, ಉಳಿದಿಬ್ಬರಲ್ಲಿ ಒಬ್ಬರು ರಾಮದುರ್ಗದಿಂದ ಭೀಮಶಿ ಅವರಿಗೆ ಫೋನು ಮಾಡಿದರು. ಈ ತಿಂಗಳು ಬೇಡ, ನೋಡೋಣ ಎಂದರು. ನಾಲ್ಕನೆಯ ದಿನ ಇನ್ನೊಬ್ಬರ ಫೋನು. ಅವರು ಕಾರಣವನ್ನೂ ಹೇಳಿದರು: ವೀರಪ್ಪನವರ ಜೀಪು ಬಲಕ್ಕೆ ಹೊರಳುತ್ತಿಲ್ಲ, ಬಾಕ್ಸ್ ಬದಲಾಗಿದೆಯಂತೆ. ಮಡಿವಾಳೆಪ್ಪ ಫೋನು ಮಾಡಲಿಲ್ಲ, ಭೀಮಶಿ ಮಾಡಿದಾಗ ಎತ್ತಲೂ ಇಲ್ಲ.

ಕಾರಣ ತಿಳಿದ ದಿನವೇ ಭೀಮಶಿ ಕಟಕೋಳಕ್ಕೆ, ವೀರಪ್ಪ ಅವರಿಗೆ, ಫೋನು ಮಾಡಿದ್ದರು. “ಗಾಡಿ ತರ್ರಿ ಸಾವಕಾರ್ರ. ನಿಮ್ಮ ಮುಂದ ಬಿಚ್ಚತೇನಿ.”

“ಬಿಚ್ಚಿದ ಮ್ಯಾಲೆ ನೀ ಹೇಳಿದ್ದ ಖರೆ ಆಗತೈತಿ. ನಾ ತರಂಗಿಲ್ಲ.”

ಆ ದಿನಗಳಲ್ಲಿ ಭೀಮಶಿ ಕೂಡ ಒಬ್ಬೊಬ್ಬರನ್ನೇ ಶಂಕಿಸುತ್ತ ಹೋದರು. ಗೋಡೆಗೆ ಗುದ್ದಿ ಗಾಲಿ ಹೊರಳಿಸುವ ಸರಳು ಬಗ್ಗಿಸಿಕೊಂಡು ವೀರಪ್ಪ ಅದನ್ನು ಮುಚ್ಚಿಡುತ್ತಿರಬಹುದು. ಕಿತ್ತೂರಿನ ಬಾಕ್ಸಿನೊಳಗೆ ಮೊದಲೇ ಏನೋ ಮುರಿದಿರಬಹುದು. ಕಟಕೋಳದಲ್ಲಿ ಎರಡು ದಿನ ಮಂಚದ ಕೆಳಗಿದ್ದಾಗ ಯಾರಾದರೂ ಕೈಯಾಡಿಸಿರಬಹುದು.

“ಬಲಕ್ಕ ಎಣಿಸಿದ್ರಿ ಹೌದಿಲ್ಲೊ?” ಎಂದು ಯಶೋಧಾ ಒಂದು ಮಧ್ಯಾಹ್ನ ಕೇಳಿದರು. ಮೂವತ್ತು ವರ್ಷದಲ್ಲಿ ಅವರಿಗೂ ಈ ಕೆಲಸದ ಕ್ರಮ ಗೊತ್ತಾಗಿತ್ತು.

ಭೀಮಶಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಎಡಕ್ಕ ಎಣಿಸಿದ್ದ ನೆನಪೈತಿ.”

“ನಾ ಕೇಳಿದ್ದು ಬಲಕ್ಕ.”

ಭೀಮಶಿ ಅವರ ನೆನಪು ಎಣ್ಣೆಯ ಹನಿಯವರೆಗೆ ಬಂದು ನಿಲ್ಲುತ್ತಿತ್ತು.

ಹನ್ನೊಂದನೆಯ ದಿನ ಜೀಪು ಬಂತು. ಬರುವಂತೆ ಮಾಡಿದ್ದು ಕಲ್ಮೇಶ. ಬದಲಾಗಿದ್ದರೆ ನಿಮ್ಮ ಚುಕ್ಕಿಗಳು ಇರುವುದಿಲ್ಲ, ಬಿಚ್ಚಿಸಿ ತೋರಿಸಿದರೆ ಮಿಸ್ತ್ರಿ ಸಿಕ್ಕಿಬೀಳುತ್ತಾರೆ ಎಂದು ಅವನು ತಂದೆಗೆ ಹೇಳಿದ್ದ. ಆ ವಾದ ವೀರಪ್ಪ ಅವರಿಗೆ ಹಿಡಿಸಿತು. ಈ ಸಲ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಕಲ್ಮೇಶ ಫೋನಿನಲ್ಲಿ ಚಿತ್ರ ತೆಗೆಯಲು ಪಕ್ಕಕ್ಕೆ ನಿಂತ.

ಭೀಮಶಿ ಬಾಕ್ಸ್ ಇಳಿಸಿ, ಮೇಜಿನ ಮೇಲಿಟ್ಟು, ಒರೆಸಿ ಹಿಂದೆ ಸರಿದರು. ವೀರಪ್ಪ ಕನ್ನಡಕ ಹಾಕಿಕೊಂಡು ಬಾಗಿದರು. ಬೋಲ್ಟಿನ ಕಿವಿಯ ಹಿಂದೆ ಒಂದು. ಮುಚ್ಚಳದ ಸಂದಿಯಲ್ಲಿ ಒಂದು. ಬೆರಳಿಟ್ಟು ಒಂದೊಂದೇ ಎಣಿಸುತ್ತ ಹೋದರು. ಎಂಟರ ಹೊತ್ತಿಗೆ ಅವರ ದನಿ ತಗ್ಗಿತು.

“ಹತ್ತೂ ಅದಾವಲ್ಲಪಾ,” ಎಂದ ಕಲ್ಮೇಶ.

“ಏನವು?” ಎಂದರು ಭೀಮಶಿ.

ಕಲ್ಮೇಶ ಹೇಳಿದ. ಭೀಮಶಿ ಕೇಳಿಸಿಕೊಂಡರು. ತಾವು ಮೂರು ದಿನ ಕೆಲಸ ಮಾಡಿದ ಬಾಕ್ಸಿನ ಮೈಮೇಲೆ ತಮ್ಮನ್ನು ಕಳ್ಳನೆಂದು ಹಿಡಿಯಲು ಇಟ್ಟ ಹತ್ತು ಗುರುತುಗಳನ್ನು ಅವರು ಬಾಗಿ ನೋಡಿದರು.

“ಹಂಗಾರ ಇದ ಬಾಕ್ಸ್ ಅಲ್ರಿ ಸಾವಕಾರ್ರ?”

“ಇದ ಐತಿ,” ಎಂದರು ವೀರಪ್ಪ. “ಹನ್ನೊಂದ ಇರಬೇಕು. ಇನ್ನೊಂದು ಒಳಗೈತಿ.”

ಹನ್ನೊಂದನೆಯದು ದಂಡದ ತುದಿಯಲ್ಲಿತ್ತು, ತೋಳಿನ ನಟ್ಟಿನ ಕೆಳಗೆ. ಭೀಮಶಿ ನಟ್ಟು ಬಿಚ್ಚಿ ತೋಳನ್ನು ಎಳೆದು ತೆಗೆದರು. ಕೆಂಪು ಚುಕ್ಕಿ ಇತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಉಗುರು ಬಣ್ಣ ತೆಳುವಾಗಿ ಕೂರುತ್ತದೆ. ಇದು ದಪ್ಪಗಿತ್ತು, ಹೊಳೆಯುತ್ತಿತ್ತು.

“ಇದು ಯಾವಾಗ ಇಟ್ಟಿದ್ರಿ?”

“ನೀ ಊಟಕ್ಕ ಹೋಗಿದ್ದೆಲ್ಲ, ಅವಾಗ. ವಾರ್ನೀಸ್ ಡಬ್ಬಿ ಬುತ್ತಿ ಚೀಲದಾಗ ಇತ್ತು.”

“ಇಲ್ಲಿ ನಂದೊಂದು ಗುರುತ ಇತ್ತು.”

ವೀರಪ್ಪ ಕನ್ನಡಕ ತೆಗೆದರು. “ಇತ್ತು. ಒರಿಸಿದೆ.”

“ಯಾಕ್ರಿ?”

“ನನ್ನ ಸಾಮಾನಿನ ಮ್ಯಾಲೆ ನಿನ್ನ ಗುರುತ ಎದಕ? ಎತ್ತಿ ಹಾಕಾಕ ಮಾಡೀಯಂತ ತಿಳದೆ. ಒರಿಸಿದ್ದ ನಿನಗ ಗೊತ್ತಾಗಬಾರ್ದಂತ ಅಲ್ಲೇ ನಂದ ಇಟ್ಟೆ.”

“ಅಲ್ಲೇ?”

“ಅಲ್ಲೇ. ಒಂದ ಎಳ್ಳಷ್ಟ ಅತ್ತಾಗ ಇತ್ತಾಗ ಆಗಿರಬಹುದು.”

ದಂಡದ ಮೇಲೆ ಆ ಎಳ್ಳಷ್ಟು ಎಂದರೆ ಒಂದು ಹಲ್ಲು. ಭೀಮಶಿ ತೋಳನ್ನು ಮತ್ತೆ ವೀರಪ್ಪ ಅವರ ಚುಕ್ಕಿಗೇ ಹೊಂದಿಸಿ ಕೂರಿಸಿ, ಅದನ್ನು ನಡುವಿಗೆ ನಿಲ್ಲಿಸಿ, ಬಾಕ್ಸಿನ ಮೇಲಿನ ತುದಿಯನ್ನು ಕೈಯಿಂದ ತಿರುಗಿಸುತ್ತ ಗಟ್ಟಿಯಾಗಿ ಎಣಿಸಿದರು. ಬಲಕ್ಕೆ ಒಂದೂಕಾಲು ಸುತ್ತಿಗೆ ಅದು ನಿಂತುಬಿಟ್ಟಿತು. ಕಳೆದ ಅರ್ಧ ಸುತ್ತು ಎಡಕ್ಕೆ ಸೇರಿತ್ತು; ಜೀಪಿನಲ್ಲಿ ಅದನ್ನು ಗಾಲಿಯ ತಡೆ ಮುಚ್ಚಿಟ್ಟಿತ್ತು. ಆಮೇಲೆ ತೋಳು ತೆಗೆದು, ನಡುಬಿಂದು ಹೊಸದಾಗಿ ಹುಡುಕಿ, ಒಂದು ಹಲ್ಲು ಈಚೆಗೆ ಕೂರಿಸಿ ಮತ್ತೆ ಎಣಿಸಿದರು. ಬಲಕ್ಕೆ ಒಂದೂ ಮುಕ್ಕಾಲು, ಎಡಕ್ಕೂ ಅಷ್ಟೇ.

ಕಲ್ಮೇಶ ಫೋನನ್ನು ಕಿಸೆಗೆ ಹಾಕಿಕೊಂಡಿದ್ದ.

ಮೂರು ಗಂಟೆಗೆ ಜೀಪು ಸಿದ್ಧವಾಯಿತು. ವೀರಪ್ಪ ಕೀಲಿಗೆ ಕೈ ಚಾಚಿದರು. ಭೀಮಶಿ ಕೊಡಲಿಲ್ಲ.

“ಮಡಿವಾಳೆಪ್ಪನ ಅಂಗಡ್ಯಾಗ ನೀವೊಂದು ಮಾತ ಹೇಳೀರಿ. ನಾನೂ ಬರತೇನ್ರಿ. ಅಲ್ಲೇ ಹೇಳ್ರಿ.”

“ಫೋನ್ ಮಾಡಿ ಹೇಳತೇನಿ.”

“ಫೋನಿನ್ಯಾಗ ಹೇಳಿದ್ದ ಮಾತಲ್ಲ ಅದು.”

ವೀರಪ್ಪ ಕಲ್ಮೇಶನ ಮುಖ ನೋಡಿದರು. ಅವನು ಹಿಂದಿನ ಸೀಟಿಗೆ ಹತ್ತಿ ಕೂತು, ಮುಂದಿನ ಎಡ ಸೀಟನ್ನು ಖಾಲಿ ಬಿಟ್ಟಿದ್ದ. ಭೀಮಶಿ ಕೀಲಿ ಕೊಟ್ಟು ಅಲ್ಲಿ ಹತ್ತಿ ಕೂತರು.

ಕಟಕೋಳ ಮುಟ್ಟುವವರೆಗೆ ಜೀಪಿನಲ್ಲಿ ಎರಡೇ ಮಾತು ನಡೆದವು. ಎರಡೂ ಎಣ್ಣೆಯ ಬಗ್ಗೆ. ಚಹಾದಂಗಡಿಯ ಮುಂದೆ ಜೀಪು ನಿಂತಾಗ ಬೆಂಚುಗಳಲ್ಲಿ ಏಳೆಂಟು ಜನರಿದ್ದರು.

“ಏನ್ರಿ ಸಾವಕಾರ್ರ, ಕಳುವಾದ ಬಾಕ್ಸ್ ಸಿಕ್ತೇನ್ರಿ?” ಎಂದರು ಮಡಿವಾಳೆಪ್ಪ.

“ಮೂರ ಚಾ ಹಾಕು.”

ವೀರಪ್ಪ ಅರ್ಧ ಚಹಾ ಕುಡಿದರು. ಭೀಮಶಿ ನಿಂತೇ ಇದ್ದರು.

“ಬಾಕ್ಸ್ ಅದ ಐತಿ,” ಎಂದರು ವೀರಪ್ಪ. “ಇಂವಾ ಬದಲ ಮಾಡಿಲ್ಲ.”

“ಮತ್ತ ಬಲಕ್ಕ ಯಾಕ ಹೊಳ್ಳತಿದ್ದಿಲ್ಲ?”

“ಗುರುತ ತಪ್ಪಿತ್ತು.”

“ಯಾರ ಗುರುತ್ರಿ?”

ರಾಮದುರ್ಗದ ಬಸ್ಸೊಂದು ಬಂದು, ಇಬ್ಬರನ್ನು ಇಳಿಸಿ, ಹೋಯಿತು. ಮಡಿವಾಳೆಪ್ಪ ಸೋಸುವ ಬಟ್ಟೆ ಹಿಡಿದು ಕಾಯುತ್ತಿದ್ದರು.

“ನಂದ,” ಎಂದರು ವೀರಪ್ಪ. “ಮಿಸ್ತ್ರಿ ಗುರುತ ಒರಿಸಿ ನಾ ಚುಕ್ಕಿ ಇಟ್ಟಿದ್ದೆ.”

ಬೆಂಚಿನ ತುದಿಯಿಂದ ಯಾರೋ, “ಮಿಸ್ತ್ರಿ ಇವರಿಗೆ ಏನ ತಿನಿಸ್ಯಾನಪಾ!” ಎಂದರು. ನಗು ಎದ್ದಿತು. ನಗು ನಿಂತ ಮೇಲೆ ಎಲ್ಲರೂ ಭೀಮಶಿ ಅವರ ಕಡೆ ತಿರುಗಿದರು. ಆ ನೋಟದಲ್ಲಿ ಹಳೆಯ ಶಂಕೆ ಹೋಗಿ ಹೊಸದೊಂದು ಬಂದಿತ್ತು. ಹುಟ್ಟಿದಾಗಿನಿಂದ ತಪ್ಪು ಒಪ್ಪದ ವೀರಪ್ಪನ ಬಾಯಿಂದ ಈ ಮಾತು ಹೊರಡಿಸಬೇಕಾದರೆ ಈ ಮನುಷ್ಯ ಏನು ಮಾಡಿರಬಹುದು?

“ಸಾವಕಾರ್ರು ಅರ್ಧ ಹೇಳ್ಯಾರ್ರಿ,” ಎಂದರು ಭೀಮಶಿ. “ಉಳಿದರ್ಧ ನಂದು. ಎಡಕ್ಕ ಎಣಿಸಿದೆ, ಬಲಕ್ಕ ಎಣಿಸಲಿಲ್ಲ. ಎಣಿಸಿದ್ರ ಅವತ್ತ ಸಿಗತಿತ್ತು. ಬಾಕ್ಸ್ ಬದಲ ಮಾಡಿಲ್ಲ. ಎಣಿಸೂದು ಬಿಟ್ಟೆ. ಎರಡೂ ಖರೆ.”

ಮಡಿವಾಳೆಪ್ಪ ಬಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಯಾರನ್ನೂ ಕೇಳದೆ ಹೋಗಿ ಜೀಪಿನಲ್ಲಿ ಕೂತು ಎಂಜಿನ್ ಶುರು ಮಾಡಿದರು. ಮಿಸ್ತ್ರಿಯನ್ನು ಬಿಟ್ಟರೆ, ಮೂವತ್ತೈದು ವರ್ಷದಲ್ಲಿ ಆ ಸೀಟಿನಲ್ಲಿ ಕೂತ ಎರಡನೆಯ ಮನುಷ್ಯ ಅವರು. ವೀರಪ್ಪ ಎದ್ದು ನಿಂತರು, ಆದರೆ ತಡೆಯಲಿಲ್ಲ. ಮಡಿವಾಳೆಪ್ಪ ಚಕ್ರವನ್ನು ಬಲಕ್ಕೆ ತಿರುಗಿಸುತ್ತ ಬೆಂಚಿನವರಿಗೆಲ್ಲ ಕೇಳುವಂತೆ ಎಣಿಸಿದರು. ಒಂದು. ಒಂದೂವರಿ. ಒಂದೂ ಮುಕ್ಕಾಲು. ಎಡಕ್ಕೆ ತಂದು ಅದನ್ನೂ ಎಣಿಸಿದರು. ಮತ್ತೆ ಬಲಕ್ಕೆ.

“ಸಾಕ ಇಳಿಯೋ, ಟಾಯರ್ ಸವೀತಾವು,” ಎಂದರು ವೀರಪ್ಪ.

ಮಡಿವಾಳೆಪ್ಪ ಇಳಿದು ಭೀಮಶಿ ಅವರ ಹತ್ತಿರ ಬಂದರು. “ನನ್ನ ಜೀಪ ಯಾವಾಗ ತರಲಿ?”

“ಸೋಮವಾರ ತರ್ರಿ.”

“ನಾನೂ ಗುರುತ ಹಚ್ಚಾವ್ನ. ಮೊದಲ ಹೇಳತೇನಿ.”

“ಹಚ್ರಿ. ಹಸರ ಹಚ್ರಿ. ಕೆಂಪ ನಂದು.”

ಮಡಿವಾಳೆಪ್ಪ ಅದನ್ನು ತಮಾಷೆಯೆಂದು ತಿಳಿಯಲಿಲ್ಲ. ಹಸಿರು ವಾರ್ನೀಸು ರಾಮದುರ್ಗದಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಬೆಂಚಿನವರನ್ನು ವಿಚಾರಿಸತೊಡಗಿದರು.